ಬೆರಳ ತುದಿಗೆ ಹತ್ತು ಇಂಚು

ಮೊದಲೇ ಹೇಳಿಬಿಡುವುದು ವಾಸಿ. ಈ ಕಥೆಯಲ್ಲಿ ಇಂಚಕ್ಕ ಗೆಲ್ಲುತ್ತಾಳೆ. ಗೆಲುವನ್ನು ಕೊನೆಯ ಸಾಲಿನವರೆಗೆ ಸೆರಗಿನಲ್ಲಿ ಕಟ್ಟಿಟ್ಟುಕೊಂಡು ಓದುವವರ ಹೊಟ್ಟೆ ಉರಿಸುವ ಚಾಳಿ ಇಲ್ಲಿಲ್ಲ. ಗೆದ್ದವಳು ಏಳು ತಿಂಗಳು ತಾನು ಸೋತೆನೆಂದೇ ಏಕೆ ತಿಳಿದಿದ್ದಳು, ಅದರಲ್ಲಿ ಅವಳ ಅತ್ತೆಯ ಮರದ ಸ್ಕೇಲಿನ ಪಾಲು ಎಷ್ಟು ಎಂಬುದಷ್ಟೇ ಹೇಳಬೇಕಾದದ್ದು.

ಇಂಚಕ್ಕ ದರ್ಜಿ. ಬೀದಿಯವರು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗಿರಾಕಿ "ಮೂವತ್ತಾರು ಅಂತ ಬರ್ಕೊಳ್ಳಿ ಅಕ್ಕ, ಸಾಕು" ಎಂದರೆ "ಮೂವತ್ತಾರೂ ಕಾಲು" ಎಂದು ಬರೆದುಕೊಳ್ಳುವವಳು ಅವಳು. ಆ ಕಾಲು ಇಂಚಿಗಾಗಿ ಜಗಳಕ್ಕೂ ತಯಾರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಲಲ್ಲಿ ತುಳಿಯುವ ಎರಡು ಮಷಿನ್, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಉಜ್ಜಿದರೆ ಸಾಕು, ಇದು ಎರಡು ಒಗೆತಕ್ಕೆ ಕುಗ್ಗುತ್ತದೆ, ಇದು ಬಣ್ಣ ಬಿಡುತ್ತದೆ, ಇದಕ್ಕೆ ಲೈನಿಂಗ್ ಬೇಕು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಅವಳ ಕಸುಬು ಇದ್ದದ್ದು ಕತ್ತರಿಯಲ್ಲಲ್ಲ, ಆ ಎರಡು ಬೆರಳ ತುದಿಯಲ್ಲಿ.

ಅಂಗಡಿ ಮೊದಲು ಅತ್ತೆಯದು, ಗುರುವೂ ಅತ್ತೆಯೇ. ಮದುವೆಯಾಗಿ ಬಂದಾಗ ಸೂಜಿಗೆ ದಾರ ಪೋಣಿಸಲೂ ಬಾರದ ಸೊಸೆಗೆ ಅತ್ತೆ ಕಲಿಸಿದ ಮೊದಲ ಪಾಠ ಹೊಲಿಗೆಯದಲ್ಲ, ಅಳತೆಯದು. ಅಳತೆ ಯಾವತ್ತೂ ಮೇಲಿಂದ ಕೆಳಕ್ಕೆ. ಭುಜದಿಂದ ಮಣಿಕಟ್ಟಿಗೆ, ಸೊಂಟದಿಂದ ಹಿಮ್ಮಡಿಗೆ. ಅಪ್ಪಿತಪ್ಪಿ ಕೆಳಗಿನಿಂದ ಟೇಪು ಹಿಡಿದರೆ ಬೆರಳಗೆಣ್ಣಿಗೆ ಮರದ ಸ್ಕೇಲಿನ ಏಟು.

"ಬಟ್ಟೆ ಭುಜದಿಂದ ಇಳಿಯತ್ತೆ ಕಣೇ, ನೆಲದಿಂದ ಏಳಲ್ಲ," ಎನ್ನುತ್ತಿದ್ದಳು ಅತ್ತೆ.

ಮೂವತ್ತು ವರ್ಷಗಳಲ್ಲಿ ಆ ಮಾತು ಇಂಚಕ್ಕನ ಮೂಳೆಗೆ ಇಳಿದಿತ್ತು. ನೀರು ತುಂಬಿದ ಬಕೆಟ್ಟನ್ನು ನೋಡಿದರೂ ಅವಳ ಕಣ್ಣು ಅಂಚಿನಿಂದ ತಳಕ್ಕೇ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಆ ಆಳೆತ್ತರದ ಕನ್ನಡಿಯ ಮೊಳೆ ಕಿತ್ತುಬಂತು. ಪರದೆಯೊಳಗೆ ಹೊಸ ಕೋಟಿನ ಒಂದು ತೋಳಿಗೆ ಮಾತ್ರ ಕೈ ತೂರಿಸಿಕೊಂಡು ನಿಂತಿದ್ದ ಗಿರಾಕಿಯ ಮೇಲೆ ಕನ್ನಡಿ ಬೀಳುವುದನ್ನು ಇಂಚಕ್ಕ ನೋಡಿದಳು, ಬಲಗೈ ಅಡ್ಡ ಕೊಟ್ಟಳು. ಗಿರಾಕಿಗೆ ಒಂದು ಗೀರೂ ಆಗಲಿಲ್ಲ. ಇಂಚಕ್ಕನಿಗೆ ಮಣಿಕಟ್ಟಿನಿಂದ ಮೂರು ಇಂಚು ಮೇಲೆ ಗಾಜು ಒಳಹೊಕ್ಕು, ಬೆರಳುಗಳಿಗೆ ಹೋಗುವ ದಪ್ಪ ನರ ಪೂರ್ತಿ ತುಂಡಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಆ ಕ್ಷಣದಿಂದ ಬೇರೆ ಯಾರದೋ ಬೆರಳುಗಳಂತೆ ಆದವು.

ಕೈಯ ಡಾಕ್ಟರು ಇದ್ದದ್ದು ಬಸ್ಸಿನಲ್ಲಿ ಆರು ಗಂಟೆ ದೂರದ ಊರಿನಲ್ಲಿ. ನಲವತ್ತರ ಹೆಂಗಸು, ಮಾತು ಕಡಿಮೆ, ಬೆರಳು ಸಣ್ಣ. ಆಪರೇಷನ್ ಮುಗಿದ ಮರುದಿನ ಇಂಚಕ್ಕ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊಲಿಗೆ ಹಾಕಿದ್ರಿ?"

"ನರಕ್ಕೆ ಎಂಟು."

"ಎಂಟೇನಾ? ನಾನು ಒಂದು ಗುಂಡಿಗೇ ಹತ್ತು ಹಾಕ್ತೀನಿ!"

ಡಾಕ್ಟರಿಗೆ ನಗು ಬಂತು. ಕುರ್ಚಿ ಎಳೆದುಕೊಂಡು ಕೂತರು. "ನಾನು ಹೊಲಿದಿರೋದು ನರದ ಹೊರಗಿನ ಹೊದಿಕೆ ಮಾತ್ರ ಅಮ್ಮ, ಅಂಗಿಯ ತೋಳು ಇದ್ದ ಹಾಗೆ. ನರ ಅಂದ್ರೆ ಒಂದು ದಾರ ಅಲ್ಲ, ಸಾವಿರಾರು ಎಳೆಗಳ ಕಟ್ಟು. ಒಂದೊಂದು ಎಳೆಯೂ ಒಂದೊಂದು ನರಕೋಶದ ಬಾಲ. ಆ ಕೋಶದ ಮನೆ ಇರೋದು ನಿಮ್ಮ ಕತ್ತಿನ ಬುಡದಲ್ಲಿ, ಬೆನ್ನುಹುರಿ ಹತ್ರ. ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಬಾಲ ಮಾತ್ರ ಬೆರಳ ತುದಿ ತನಕ."

ಪಕ್ಕದಲ್ಲಿ ಕೂತಿದ್ದ ಅತ್ತೆ ಕಣ್ಣರಳಿಸಿದಳು. "ಮನೆ ಕತ್ತಲ್ಲಿ, ಕೈ ಇಲ್ಲೀ ತನಕಾನಾ? ನಮ್ಮ ಪಕ್ಕದ್ಮನೆಯವಳ ತರ!"

"ಹಾಗೇ ಅಂದ್ಕೊಳ್ಳಿ. ಬೆರಳು ಬಟ್ಟೆ ಮುಟ್ಟಿದಾಗ ತುದಿಯಲ್ಲಿ ಒಂದು ಸಣ್ಣ ವಿದ್ಯುತ್ತಿನ ಅಲೆ ಏಳತ್ತೆ. ಎಳೆಗೆ ಮೇಲೆ ಕೊಬ್ಬಿನ ಹೊದಿಕೆ ಇರತ್ತೆ, ನಡುನಡುವೆ ಬಿಟ್ಟುಬಿಟ್ಟು. ಅಲೆ ಆ ಸಂದಿನಿಂದ ಸಂದಿಗೆ ಹಾರಿಕೊಂಡು ಮೇಲಕ್ಕೆ ಓಡತ್ತೆ. ಕೊನೆಯಲ್ಲಿ ಇನ್ನೊಂದು ಕೋಶ. ಎರಡರ ನಡುವೆ ಕೂದಲಿಗಿಂತ ಎಷ್ಟೋ ಸಣ್ಣ ಬಿರುಕು. ಅಲ್ಲಿ ಒಂದಿಷ್ಟು ರಾಸಾಯನಿಕ ಚೆಲ್ಲಿ ಸುದ್ದಿ ದಾಟಿಸತ್ತೆ. ಹೀಗೆ ಕೈಯಿಂದ ಕೈಗೆ ಹೋಗಿ ಮಿದುಳು ಮುಟ್ಟಿದ ಮೇಲೇ ನಿಮಗೆ 'ಇದು ರೇಷ್ಮೆ' ಅಂತ ಗೊತ್ತಾಗೋದು."

"ಅಷ್ಟೆಲ್ಲ ಆಗತ್ತಾ? ನಂಗೆ ಮುಟ್ಟಿದ ತಕ್ಷಣ ಗೊತ್ತಾಗ್ತಿತ್ತು."

"ಅಷ್ಟೆಲ್ಲ ಆಗೋಕೆ ಕಣ್ಣು ಮಿಟುಕಿಸೋವಷ್ಟು ಹೊತ್ತೂ ಬೇಡ. ಈಗ ಗಾಜು ಕತ್ತರಿಸಿದ ಜಾಗದಿಂದ ಕೆಳಗಿನ ಎಳೆಗಳೆಲ್ಲ ಸತ್ತುಹೋಗ್ತವೆ. ಖಾಲಿ ತೋಳು ಉಳಿಯತ್ತೆ. ಕತ್ತಿನಲ್ಲಿರೋ ಕೋಶ ಬದುಕಿದೆ, ಅದು ಹೊಸ ಎಳೆ ಬಿಡತ್ತೆ. ಆ ಎಳೆ ನನ್ನ ಹೊಲಿಗೆ ದಾಟಿ, ಖಾಲಿ ತೋಳಿನೊಳಗೆ ತೂರಿಕೊಂಡು ಬೆರಳ ತನಕ ಬರಬೇಕು. ಮೊದಲ ತಿಂಗಳು ಸುಧಾರಿಸಿಕೊಳ್ಳತ್ತೆ. ಆಮೇಲೆ ತಿಂಗಳಿಗೆ ಒಂದು ಇಂಚು. ನಾನು ತೋಳು ಹೊಲಿದಿದೀನಿ, ಕೈ ತೂರಿಸೋದು ನಿಮ್ಮ ಕೆಲಸ."

ತಿಂಗಳಿಗೆ ಒಂದು ಇಂಚು! ಇಂಚಕ್ಕನಿಗೆ ಇದಕ್ಕಿಂತ ಅರ್ಥವಾಗುವ ಭಾಷೆ ಬೇಕೆ? ಎಡಗೈಯಿಂದಲೇ ಟೇಪು ಹಿಡಿದು ಅಳತೆ ಮಾಡಿದಳು. ಗಾಯದಿಂದ ತೋರುಬೆರಳ ತುದಿಗೆ ಸರಿಯಾಗಿ ಹತ್ತು ಇಂಚು. ಸುಧಾರಿಸಿಕೊಳ್ಳಲು ಒಂದು ತಿಂಗಳು, ನಡೆಯಲು ಹತ್ತು. ಹನ್ನೊಂದು ತಿಂಗಳಿಗೆ ತನ್ನ ಬೆರಳು ತನಗೆ.

ಎರಡು ವಾರದ ನಂತರ ಹೊಲಿಗೆ ಬಿಚ್ಚುವಾಗ ಡಾಕ್ಟರು ಮನೆಯಲ್ಲಿ ನೋಡಿಕೊಳ್ಳುವ ಉಪಾಯ ತೋರಿಸಿದರು. ನರದ ದಾರಿಯ ಮೇಲೆ ಬೆರಳಿನಿಂದ ಮೆಲ್ಲಗೆ ಕುಟ್ಟಬೇಕು. ಹೊಸ ಎಳೆಗಳು ತಲುಪಿದ ಜಾಗದಲ್ಲಿ ಕರೆಂಟ್ ಹೊಡೆದಂತೆ ಬೆರಳುಗಳತ್ತ ಝುಮ್ ಎನ್ನುತ್ತದೆ. ಅದು ಗಾಯದಿಂದ ಎಷ್ಟು ದೂರವೆಂದು ಅಳೆದು ಬರೆದಿಟ್ಟು ತಿಂಗಳಿಗೊಮ್ಮೆ ಫೋನಿನಲ್ಲಿ ಹೇಳಿದರೆ ಸಾಕು. ಡಾಕ್ಟರು ಹೇಳಿದ್ದಷ್ಟೇ ಅಲ್ಲ, ಕುಟ್ಟಿಯೂ ತೋರಿಸಿದರು. ಆದರೆ ಇಂಚಕ್ಕ ಆ ಹೊತ್ತಿನಲ್ಲಿ ನೋಡುತ್ತಿದ್ದದ್ದು ಡಾಕ್ಟರ ಬೆರಳನ್ನಲ್ಲ, ತನ್ನ ಚರ್ಮದ ಮೇಲಿನ ಹೊಲಿಗೆಯನ್ನು. ಎಷ್ಟು ಸಮ! ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲ. ದರ್ಜಿಗೆ ದರ್ಜಿಯ ಮೇಲೆ ಹುಟ್ಟುವ ಗೌರವದಲ್ಲಿ ಮುಳುಗಿ, ಎಲ್ಲದಕ್ಕೂ ಹೂಂ ಹೂಂ ಎಂದು ತಲೆಯಾಡಿಸಿ ಬಂದಳು.

ಭಾನುವಾರದ ಅಳತೆ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಇಂಚಕ್ಕ ಕತ್ತರಿಸುವ ಮೇಜಿನ ಮೇಲೆ ಬಲಗೈ ಚಾಚಿ, ಎಡಗೈ ಬೆರಳಿಂದ ಗಾಯದಿಂದ ಕೆಳಕ್ಕೆ ಕುಟ್ಟುತ್ತಾ ಬರುವುದು. ಝುಮ್ ಎಂದಲ್ಲಿ ನಿಲ್ಲಿಸುವುದು. ಅತ್ತೆ ಟೇಪಿನ ತಲೆಯನ್ನು ಗಾಯದ ಮೇಲಿಟ್ಟು ಹಿಡಿಯುವುದು. ಸಿಟಿ ಬಸ್ಸಿನ ಡ್ರೈವರಾದ ಗಂಡ, ಗಿರಾಕಿಗಳ ಅಳತೆ ಪುಸ್ತಕದಲ್ಲಿ ಹೆಂಡತಿಗೆಂದೇ ತೆಗೆದಿಟ್ಟ ಪುಟದಲ್ಲಿ ಬರೆಯುವುದು. ಪುಟದ ತಲೆಗೆ "ಬಲಗೈ" ಎಂದಿತ್ತು.

ಮೊದಲ ಭಾನುವಾರ, ಅರ್ಧ ಇಂಚು. ಮನೆಯಲ್ಲಿ ಸಂಭ್ರಮ.

ಎರಡನೆಯ ಭಾನುವಾರ, ಅರ್ಧ ಇಂಚು. ಇರಲಿ, ಒಂದು ವಾರದಲ್ಲಿ ಎಷ್ಟು ಬೆಳೆದೀತು?

ಮೂರನೆಯ ತಿಂಗಳು, ಅರ್ಧ ಇಂಚು. ನಾಲ್ಕನೆಯ ತಿಂಗಳು, ಅರ್ಧ ಇಂಚು. ಗಂಡನಿಗೆ ಬರೆಯಲು ಬೇಸರವಾಗಿ ಮೇಲಿನ ಸಾಲಿನಂತೆಯೇ ಎಂದು ಗೆರೆ ಎಳೆಯತೊಡಗಿದ.

"ಗೆರೆ ಎಳೀಬೇಡಿ ರೀ, ಬರೀರಿ," ಎಂದು ರೇಗಿದಳು ಇಂಚಕ್ಕ. "ಪ್ರತಿ ವಾರ ಕುಟ್ಕೊಳ್ಳೋಳು ನಾನು."

"ನಮ್ಮ ಮೂವತ್ತೆರಡನೇ ನಂಬರ್ ಬಸ್ಸೂ ಇಷ್ಟು ಹೊತ್ತು ನಿಲ್ಲಲ್ವಲ್ಲೇ ಒಂದು ಸ್ಟಾಪಲ್ಲಿ," ಎಂದು ಗೊಣಗಿದ ಗಂಡ. ಆದರೆ ಬರೆದ.

ಈ ನಡುವೆ ಅಂಗಡಿ ಹೇಗೋ ನಡೆಯುತ್ತಿತ್ತು. ಎಂಬತ್ತರ ಅತ್ತೆ ಮಂಜುಗಣ್ಣಿನಲ್ಲಿ ಮತ್ತೆ ಮಷಿನ್ ತುಳಿದಳು. ಗಂಡ ಕೆಲಸ ಮುಗಿಸಿ ಬಂದು ಗುಂಡಿ ಹೊಲಿದ, ಆರು ಅಂಗಿಗಳಿಗೆ ಗುಂಡಿಯನ್ನೂ ಕಾಜಾವನ್ನೂ ಒಂದೇ ಕಡೆ. ಇಂಚಕ್ಕ ನಗಲೂ ಇಲ್ಲ, ಬಯ್ಯಲೂ ಇಲ್ಲ. ಬಿಸಿ ಇಸ್ತ್ರಿ ತಗುಲಿ ತೋರುಬೆರಳ ತುದಿಯಲ್ಲಿ ಬೊಬ್ಬೆ ಎದ್ದದ್ದು ಅವಳಿಗೆ ಗೊತ್ತಾದದ್ದು ಸುಟ್ಟ ವಾಸನೆಯಿಂದ. ಅವತ್ತು ಅವಳು ಪರದೆಯ ಹಿಂದೆ ಹೋಗಿ, ಕನ್ನಡಿ ಇಲ್ಲದ ಗೋಡೆಗೆ ಹಣೆ ಒತ್ತಿಕೊಂಡು ಅತ್ತಳು.

ಆರನೆಯ ತಿಂಗಳ ಕೊನೆಯಲ್ಲಿ ಡಾಕ್ಟರು ಫೋನಿನಲ್ಲಿ ಹಿಂದಿನ ತಿಂಗಳುಗಳ ಅಳತೆಯನ್ನೂ ಇನ್ನೊಮ್ಮೆ ಓದಿಸಿದರು. ಆಮೇಲೆ ಹೇಳಿದರು, "ಇನ್ನೂ ಅರ್ಧ ಇಂಚೇ ಅಂದ್ರೆ ಎಳೆಗಳು ಹೊಲಿಗೆ ಹತ್ರವೇ ಗಂಟಾಗಿ ನಿಂತಿವೆ ಅಂತ ಅರ್ಥ. ಮುಂದಿನ ತಿಂಗಳ ಕೊನೆಗೆ ಬನ್ನಿ, ಆಪರೇಷನ್‌ಗೆ ತಯಾರಾಗೇ ಬನ್ನಿ. ಮತ್ತೆ ಬಿಚ್ಚಿ, ಗಂಟು ಕತ್ತರಿಸಿ, ಕಾಲಿಂದ ಒಂದು ತುಂಡು ನರ ತಗೊಂಡು ಸೇರಿಸ್ಬೇಕಾಗತ್ತೆ. ಲೆಕ್ಕ ಮತ್ತೆ ಮೊದಲಿಂದ. ಎರಡನೇ ಸಲ ಕೈ ಪೂರ್ತಿ ಬರತ್ತೆ ಅಂತ ನಾನು ಮಾತು ಕೊಡಲಾರೆ ಅಮ್ಮ."

ಬಿಚ್ಚಿ ಹೊಲಿದ ಬಟ್ಟೆಯ ಗತಿ ಏನೆಂದು ದರ್ಜಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಚಕ್ಕ ತನ್ನ ಮಷಿನ್ನಿಗೆ ಮುಸುಕು ಹೊದಿಸಿ, ಮೇಲೆ ಹಗ್ಗ ಸುತ್ತಿದಳು.

ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಮೂರು ವಾರದಿಂದ ಅಂಗೈಯಲ್ಲಿ ಇರುವೆ ಹರಿದಂತೆ ಆಗುತ್ತಿತ್ತು. ನೋಡಿದರೆ ಇರುವೆ ಇಲ್ಲ. ಒಮ್ಮೊಮ್ಮೆ ಉರಿ, ಒಮ್ಮೊಮ್ಮೆ ಸೂಜಿ ಚುಚ್ಚಿದಂತೆ. ದೀಪ ಆರುವ ಮುಂಚೆ ಜೋರಾಗಿ ಉರಿಯುವುದಿಲ್ಲವೆ? ಕೈ ಸಾಯುವುದಕ್ಕೆ ಮುಂಚೆ ಒದ್ದಾಡುತ್ತಿದೆ ಎಂದು ತಾನೇ ತೀರ್ಮಾನ ಮಾಡಿಕೊಂಡಳು. ಹೇಳಿದರೆ ನಾಳೆಯೇ ಬಾ, ಕತ್ತರಿಸೋಣ ಎಂದುಬಿಟ್ಟಾರೆಂಬ ಹೆದರಿಕೆ ಬೇರೆ.

ಆಪರೇಷನ್ ದಿನ ಮೂವರೂ ಹೋದರು. "ನಾನೂ ಬರ್ತೀನಿ, ಏನು ಹೊಲೀತಾರೋ ನೋಡ್ಬೇಕು" ಎಂದು ಅತ್ತೆ ಹಟ ಹಿಡಿದಿದ್ದಳು. ಚೀಲದಲ್ಲಿ ಅಳತೆ ಪುಸ್ತಕ, ಟೇಪು. ಇಂಚಕ್ಕ ಬೆಳಗಿನಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಅವಳೊಬ್ಬಳೇ ಉಪವಾಸವಿರುವುದು ಸರಿಯಲ್ಲವೆಂದು ಗಂಡನೂ ಏನೂ ತಿಂದಿರಲಿಲ್ಲ. ಇದನ್ನು ಅವನು ದಾರಿಯಲ್ಲಿ ನಾಲ್ಕು ಸಲ ಜ್ಞಾಪಿಸಿದ್ದ.

ಡಾಕ್ಟರ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಮಡಿಸಿದ ಟವೆಲು. ಇಂಚಕ್ಕ ಅದರ ಮೇಲೆ ಅಂಗೈ ಮೇಲಾಗಿ ಕೈ ಇಟ್ಟಳು.

"ಕತ್ತರಿ ಹಿಡಿಯೋ ಮುಂಚೆ ನಾನೂ ಒಂದ್ಸಲ ನೋಡ್ಬಿಡ್ತೀನಿ," ಎಂದು ಡಾಕ್ಟರು ತೋರುಬೆರಳ ತುದಿಯ ಮೇಲೆ ಕುಟ್ಟಿದರು. ಏನೂ ಇಲ್ಲ. ಮೊದಲ ಗೆಣ್ಣು. ಏನೂ ಇಲ್ಲ. ಎರಡನೆಯ ಗೆಣ್ಣು.

"ಡಾಕ್ಟ್ರಮ್ಮಾ," ಎಂದಳು ಅತ್ತೆ. ತಡೆದುಕೊಳ್ಳಲು ಪಾಪ ಬಹಳ ಪ್ರಯತ್ನಪಟ್ಟಿದ್ದಳು. "ಬೇಜಾರು ಮಾಡ್ಕೋಬೇಡಿ. ನೀವು ತಪ್ಪು ತಗೋತಿದೀರ. ಮೇಲಿಂದ ಬನ್ನಿ."

"ಅತ್ತೆ, ಸುಮ್ನಿರಿ," ಎಂದಳು ಇಂಚಕ್ಕ.

"ಯಾಕೆ ಸುಮ್ನಿರ್ಲಿ? ಅಳತೆ ಅಂದ್ರೆ ಮೇಲಿಂದ ಕೆಳಕ್ಕೆ. ನಮ್ಮನೇಲಿ ಇಪ್ಪತ್ತಾರು ವಾರದಿಂದ ಹಾಗೇ ತಗೊಂಡಿರೋದು."

ಡಾಕ್ಟರ ಬೆರಳು ಗಾಳಿಯಲ್ಲೇ ನಿಂತಿತು. ಅವರು ಅತ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಗಾಯದಿಂದ ಶುರು ಮಾಡಿ, ಮೊದಲು ಎಲ್ಲಿ ಝುಮ್ ಅಂತೋ ಅಲ್ಲೇ ನಿಲ್ಲಿಸಿಬಿಡ್ತಿದ್ರಾ?"

"ಹೂಂ. ಸಿಕ್ಕಿದ ಮೇಲೂ ಯಾರಾದ್ರೂ ಹುಡುಕ್ತಾರಾ?" ಎಂದಳು ಇಂಚಕ್ಕ.

"ಅದರ ಕೆಳಗೆ ಒಂದು ಸಲಾನೂ ಕುಟ್ಟಿಲ್ವಾ?"

ಇಂಚಕ್ಕ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರು ಬೆರಳುಗಳನ್ನು ಬಿಟ್ಟು ಅಂಗೈಗೆ ಬಂದರು. ಬೆರಳ ಬುಡದಲ್ಲಿ ಒಮ್ಮೆ ಕುಟ್ಟಿದರು. ಸ್ವಲ್ಪ ಹಿಂದೆ ಬಂದು, ಅಂಗೈಯ ನಡುವಿನ ಗೆರೆಯ ಹತ್ತಿರ ಮತ್ತೊಮ್ಮೆ ಕುಟ್ಟಿದರು.

ಇಂಚಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಬಾಯಿಂದ ಹೊರಟ ಕೂಗು ಹೊರಗಿನ ಸಾಲಿನಲ್ಲಿ ಕೂತವರಿಗೂ ಕೇಳಿಸಿತು. ಅಂಗೈಯಿಂದ ಹೊರಟ ಮಿಂಚು ತೋರುಬೆರಳ ತುದಿಗೆ ಹೋಗಿ ಬಡಿದಿತ್ತು. ಏಳು ತಿಂಗಳು ಸತ್ತು ಬಿದ್ದಿದ್ದ ತುದಿಗೆ!

"ಮತ್ತೆ ಕುಟ್ಟಿ," ಎಂದಳು. ಕುಟ್ಟಿದರು. "ಅಯ್ಯಯ್ಯೋ! ಮತ್ತೆ!"

"ಟೇಪು ಕೊಡಿ," ಎಂದರು ಡಾಕ್ಟರು. ಅವರ ದನಿಯೂ ಏರಿತ್ತು. ಅತ್ತೆ ಟೇಪಿನ ತಲೆಯನ್ನು ಗಾಯದ ಮೇಲಿಟ್ಟಳು, ಡಾಕ್ಟರು ಇನ್ನೊಂದು ತುದಿ ಓದಿದರು. "ಆರು ಇಂಚು. ಏಳನೇ ತಿಂಗಳಿಗೆ ಆರು, ಲೆಕ್ಕಕ್ಕೆ ಸರಿಯಾಗಿ ಇದೆ!"

ಇಂಚಕ್ಕ ಬಗ್ಗಿ ನೋಡಿದಳು. ಕಣ್ಣಲ್ಲಿ ನೀರು ತುಂಬಿ ಗೆರೆಗಳು ಕಲಸಿಹೋಗಿದ್ದರೂ ಬಿಟ್ಟುಕೊಡುವವಳೇ ಅವಳು? "ಆರಲ್ಲ ಡಾಕ್ಟ್ರೇ. ಆರೂ ಕಾಲು."

ಡಾಕ್ಟರು ಮುಖ ಎತ್ತಿ ನಕ್ಕರು. ಆಮೇಲೆ ವಿಷಯ ಬಿಡಿಸಿ ಹೇಳಿದರು. ಹೊಲಿಗೆ ದಾಟುವಾಗ ಕೆಲವು ಎಳೆಗಳು ದಾರಿ ತಪ್ಪಿ ಅಲ್ಲೇ ಸುತ್ತಿಕೊಂಡು ಕೂತುಬಿಡುತ್ತವೆ. ಅವನ್ನು ಯಾವಾಗ ಮುಟ್ಟಿದರೂ ಝುಮ್ ಎನ್ನುತ್ತವೆ. ಅದಕ್ಕೇ ತುದಿಯಿಂದ ಹಿಂದಕ್ಕೆ ಕುಟ್ಟುತ್ತಾ ಬರಬೇಕು, ಆಗ ಮೊದಲು ಸಿಗುವವರು ಎಲ್ಲರಿಗಿಂತ ಮುಂದೆ ನಡೆದವರು. "ನೀವು ಇಪ್ಪತ್ತಾರು ವಾರ ಬಾಗಿಲಲ್ಲಿ ಕೂತ ಸೋಮಾರಿಗಳನ್ನೇ ಮಾತಾಡಿಸಿ ವಾಪಸ್ ಬಂದಿದೀರ. ಉಳಿದ ಸಾವಿರಾರು ಎಳೆಗಳು ನಿಮ್ಮನ್ನ ಕೇಳದೆ ಅವುಗಳ ಪಾಡಿಗೆ ನಡ್ಕೊಂಡು ಹೋಗಿವೆ. ಅಂಗೈಯಲ್ಲಿ ಏನೂ ಅನ್ನಿಸಲೇ ಇಲ್ವಾ?"

"ಇರುವೆ..." ಎಂದಳು ಇಂಚಕ್ಕ. ಎಲ್ಲವನ್ನೂ ಹೇಳಿಬಿಟ್ಟಳು.

"ಅದು ಇರುವೆ ಅಲ್ಲಮ್ಮ. ಅವರೇ ಬಂದು ಬಾಗಿಲು ತಟ್ಟಿರೋದು." ಡಾಕ್ಟರು ಅವಳ ಅಂಗೈಯನ್ನು ಮೇಜಿಗೆ ಒತ್ತಿಹಿಡಿದರು. "ಹೆಬ್ಬೆರಳನ್ನ ಸೂರಿನ ಕಡೆ ಎತ್ತಿ ನೋಡೋಣ."

ಹೆಬ್ಬೆರಳು ಏಳಲಿಲ್ಲ. ಆದರೆ ಅದರ ಬುಡದ ದಿಂಬಿನಂಥ ಮಾಂಸ, ಒಣಗಿ ಹಳ್ಳ ಬಿದ್ದಿದ್ದ ಮಾಂಸ, ಒಮ್ಮೆ ಅದುರಿತು. ನಾಲ್ವರೂ ನೋಡಿದರು. ಕತ್ತಿನ ಬುಡದಿಂದ ಹೊರಟ ಅಪ್ಪಣೆ ಇಡೀ ತೋಳು ಇಳಿದು, ಹೊಲಿಗೆ ದಾಟಿ, ಹೊಸ ಎಳೆಯ ಕೊನೆಯ ಬಿರುಕನ್ನೂ ಹಾರಿ, ಮಾಂಸವನ್ನು ಮುಟ್ಟಿತ್ತು.

ಡಾಕ್ಟರು ಆಪರೇಷನ್ ಕಾಗದವನ್ನು ಅಡ್ಡಡ್ಡ ಹರಿದರು.

"ಹಾಗಾದ್ರೆ ಊಟ ಮಾಡಬಹುದಾ?" ಎಂದ ಗಂಡ.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೂವತ್ತು ವರ್ಷದಲ್ಲಿ ಅವಳು ತಪ್ಪೊಪ್ಪಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ. ಜುಟ್ಟು ಹಿಡಿದರೂ ಒಪ್ಪುವ ಜಾತಿಯಲ್ಲ. ಒಂದು ಗಂಟೆ ಕಳೆದ ಮೇಲೆ ಸೊಸೆಯ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ತಪ್ಪು ನಂದು ಕಣೇ," ಎಂದಳು. "ನನ್ನ ಸ್ಕೇಲಿನ ಏಟಿಗೆ ಹೆದರಿ ನೀನು ಇವತ್ತು ಕಾಲಿನ ನರಾನೂ ಕೊಟ್ಟು ಬರ್ತಿದ್ದೆ."

"ಬಿಡಿ ಅತ್ತೆ. ಇವತ್ತು ನೀವು ಬಾಯಿ ಮುಚ್ಕೊಂಡು ಕೂತಿದ್ರೆ ನಮ್ಮ ತಪ್ಪು ಏನು ಅಂತ ನಮಗೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು ಇಂಚಕ್ಕ. "ನೀವು ಸುಮ್ನಿರೋ ಸ್ವಭಾವದವರಲ್ಲ ಅನ್ನೋದು ನಮ್ಮ ಪುಣ್ಯ."

ಗಂಡ ಹಿಂದಿನ ಸೀಟಿನಿಂದ, "ಅದೊಂದು ಗುಣ ಇಬ್ಬರಿಗೂ ಇದೆ," ಎಂದ. ಇಬ್ಬರೂ ಒಟ್ಟಿಗೆ ತಿರುಗಿ ನೋಡಿದ ಮೇಲೆ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ.

ಅಲ್ಲಿಂದ ಮುಂದೆ ಭಾನುವಾರಗಳು ಓಡಿದವು. ಅತ್ತೆಯೇ ಕುಟ್ಟುತ್ತಿದ್ದಳು, ಬೆರಳ ತುದಿಯಿಂದ ಹಿಂದಕ್ಕೆ. ಆರೂವರೆ, ಏಳು, ಏಳೂಕಾಲು. ಗಂಡ ಗೆರೆ ಎಳೆಯುವುದನ್ನು ಮರೆತ. ಹೆಬ್ಬೆರಳು ಮೊದಲು ಅದುರಿತು, ಆಮೇಲೆ ಬಾಗಿತು, ಎಂಟನೆಯ ಇಂಚಿನ ಹೊತ್ತಿಗೆ ಕಿರುಬೆರಳನ್ನು ಮುಟ್ಟಿ ಬಂತು. ಮಷಿನ್ನಿಗೆ ಸುತ್ತಿದ್ದ ಹಗ್ಗವನ್ನು ಇಂಚಕ್ಕ ಬಲಗೈಯಲ್ಲೇ ಬಿಚ್ಚಿದಳು, ಅರ್ಧ ದಿನ ಹಿಡಿದರೂ ಸರಿಯೇ.

ಎಳೆಗಳು ಬಂದವೆಂದರೆ ಕೆಲಸ ಮುಗಿಯಿತೆಂದಲ್ಲ. ಸಾವಿರಾರು ಎಳೆಗಳಲ್ಲಿ ಹಲವು ತಮ್ಮ ಹಳೆಯ ಜಾಗ ಬಿಟ್ಟು ಪಕ್ಕದ ಜಾಗಕ್ಕೆ ನುಗ್ಗಿದ್ದವು. ತೋರುಬೆರಳು ಮುಟ್ಟಿದರೆ ನಡುಬೆರಳು ಮುಟ್ಟಿದಂತೆ, ಮಖಮಲ್ಲು ಮುಟ್ಟಿದರೆ ಮರಳು ಕಾಗದ ಮುಟ್ಟಿದಂತೆ. ಮಿದುಳಿಗೆ ಮತ್ತೆ ಒಂದನೆಯ ತರಗತಿ. ಅತ್ತೆ ಮತ್ತೆ ಗುರುವಾದಳು. ದಿನಾ ಸಂಜೆ ಚಿಂದಿಯ ಡಬ್ಬಿ ತೆಗೆದು, ಕಣ್ಣು ಬಿಟ್ಟುಕೊಂಡು ಒಮ್ಮೆ, ಮುಚ್ಚಿಕೊಂಡು ಒಮ್ಮೆ ಮುಟ್ಟಿಸುವುದು. ಮರದ ಸ್ಕೇಲು ಮಾತ್ರ ಗೋಡೆಯ ಮೊಳೆಯಿಂದ ಕೆಳಗಿಳಿಯಲಿಲ್ಲ.

ಹನ್ನೊಂದನೆಯ ತಿಂಗಳ ಕೊನೆಯ ಭಾನುವಾರ ಅತ್ತೆ ತೋರುಬೆರಳ ತುದಿಗೆ, ಉಗುರಿನ ಹಿಂಬದಿಗೆ, ಮೊದಲ ಪೆಟ್ಟು ಹಾಕಿದಳು. ಇಂಚಕ್ಕ ಕೈ ಹಿಂದಕ್ಕೆಳೆದುಕೊಂಡಳು. ಇನ್ನು ಮುಂದೆ ಕುಟ್ಟಲು ಬೆರಳೇ ಉಳಿದಿರಲಿಲ್ಲ.

"ಕಣ್ಣು ಮುಚ್ಚು," ಎಂದಳು ಅತ್ತೆ. ಕಪಾಟಿನಿಂದ ಏನನ್ನೋ ತಂದು ಆ ಎರಡು ಬೆರಳ ನಡುವೆ ಇಟ್ಟಳು.

ಇಂಚಕ್ಕ ಉಜ್ಜಿದಳು. ಬಹಳ ಹೊತ್ತು ಉಜ್ಜಿದಳು. "ಉಣ್ಣೆ," ಎಂದಳು ನಿಧಾನವಾಗಿ. "ಒಳಗಡೆ ಲೈನಿಂಗ್ ಇದೆ. ಕಚ್ಚಾ ಹೊಲಿಗೆ ಇನ್ನೂ ಬಿಚ್ಚಿಲ್ಲ." ಅವಳು ತೋಳಿನ ಅಂಚಿನವರೆಗೆ ಬೆರಳಾಡಿಸಿದಳು. "ಅತ್ತೆ, ಇದು ಕನ್ನಡಿ ಬಿದ್ದ ದಿನದ ಕೋಟು. ಎಡದ ತೋಳಿಗೆ ಕೊನೆಯ ಹೊಲಿಗೆ ಬಾಕಿ."

"ಆವತ್ತಿಂದ ಆ ಮನುಷ್ಯ ಕೋಟು ಕೇಳಿಲ್ಲ. ನಿನ್ನ ಕೈ ಬರೋ ತನಕ ಕಾಯ್ತೀನಿ ಅಂದಿದಾನೆ," ಎಂದಳು ಅತ್ತೆ.

ಗಂಡ ಅಳತೆ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದ. ಇಂಚಕ್ಕ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಅವನ ಕೈಬರಹದ ಸಾಲುಗಳ ಕೆಳಗೆ, ತನ್ನ ಬಲಗೈಯಲ್ಲಿ, ಒತ್ತಿ ಒತ್ತಿ ಬರೆದಳು: ಹತ್ತು.

ಅತ್ತೆ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಅಕ್ಷರ ಸೊಟ್ಟ."

"ಸೊಟ್ಟ ಇರ್ಲಿ ಬಿಡಿ, ಅತ್ತೆ. ಹೊಲಿಗೆ ನೆಟ್ಟಗಿರತ್ತೆ," ಎಂದು ಇಂಚಕ್ಕ ಕೋಟನ್ನು ಮಷಿನ್ನಿನ ಮೇಲೆ ಹರಡಿ, ಸೂಜಿಗೆ ತಾನೇ ದಾರ ಪೋಣಿಸಿ, ತುಳಿಯತೊಡಗಿದಳು.